ಖೋಜಾಗಳ ಚರಿತ್ರೆ ಬರೆದವರು ಯಾರು?

ಹದಿನೈದನೇ ಶತಮಾನದ ಚೀನಾದ ನೌಕಾಧಿಪತಿ ಝೆಂಗ್ ಹೆ ಮುಸ್ಲಿಮ್ ಓದುಗರಿಗೆ ಈಗ ಅಪರಿಚಿತನಲ್ಲ. 2005ರಲ್ಲಿ ಆತನ ಮೊದಲ ಸಮುದ್ರಯಾನಕ್ಕೆ ಆರುನೂರು ವರ್ಷ ತುಂಬಿದ್ದನ್ನು ಚೀನಾ ಸರಕಾರ ಅದ್ದೂರಿಯಾಗಿ ಆಚರಿಸಿತು. ಅದಕ್ಕೂ ಮೂರು ವರ್ಷ ಮೊದಲು ಗೇವಿನ್ ಮೆಂಝೀಸ್ ಎಂಬ ಬ್ರಿಟಿಷ್ ನೌಕಾಪಡೆಯ ನಿವೃತ್ತ ಅಧಿಕಾರಿ, ಚೀನಾದ ಹಡಗುಗಳು 1421ರಲ್ಲೇ ಅಮೆರಿಕ ಮುಟ್ಟಿದ್ದವು ಎಂದು ದಪ್ಪ ಪುಸ್ತಕವೊಂದನ್ನು ಬರೆದಿದ್ದ. ಇತಿಹಾಸಕಾರರು ಅದನ್ನು ತಳ್ಳಿಹಾಕಿದರು; ಮಾರುಕಟ್ಟೆ ಮಾತ್ರ ಎರಡೂ ಕೈಯಲ್ಲಿ ಬಾಚಿಕೊಂಡಿತು. ಇಂಡೋನೇಷ್ಯಾದ ಸುರಬಾಯದಲ್ಲಿ ಆತನ ಹೆಸರಿನಲ್ಲಿ ಒಂದು ಮಸೀದಿಯೂ ಎದ್ದಿತು.

ಈ ಅಲೆಯಲ್ಲಿ ಉರ್ದುವಿನಲ್ಲೂ ಕನ್ನಡದಲ್ಲೂ ಬಂದ ಬರಹಗಳನ್ನು ನಾವು ಆಸಕ್ತಿಯಿಂದ ಓದಿದ್ದೇವೆ. ಅವುಗಳ ಧಾಟಿ ಹೆಚ್ಚುಕಡಿಮೆ ಒಂದೇ. ಆತನ ಮೂಲ ಹೆಸರು ಮಾ ಹೆ. ತಂದೆಯೂ ಅಜ್ಜನೂ ಹಜ್ ನಿರ್ವಹಿಸಿದವರು. 1405ರಿಂದ 1433ರ ನಡುವೆ ಏಳು ಯಾನಗಳು. ಕಲ್ಲಿಕೋಟೆ, ಹುರ್ಮುಝ್, ಏಡನ್, ಆಫ್ರಿಕಾದ ಕರಾವಳಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವ ತೊಂಬತ್ತು ವರ್ಷ ಮೊದಲೇ ಅಲ್ಲಿ ಲಂಗರು ಹಾಕಿದ ಮುಸಲ್ಮಾನ. ಇದೆಲ್ಲ ನಿಜವೇ. ಆದರೆ ಈ ಬರಹಗಳ ನಡುವೆ ಎಲ್ಲೋ ಒಂದು ಸಾಲು ಬರುತ್ತದೆ: ಬಾಲಕನಾಗಿದ್ದಾಗಲೇ ಆತ ಅರಮನೆಯ ಸೇವೆಗೆ 'ಸೇರಿದ'.

ನಮ್ಮ ತಕರಾರು ಇರುವುದು ಈ 'ಸೇರಿದ' ಎಂಬ ಕ್ರಿಯಾಪದದ ಬಗ್ಗೆ. ಆ ಹುಡುಗ ಎಲ್ಲಿಗೂ ಸೇರಲಿಲ್ಲ. 1381-82ರಲ್ಲಿ ಮಿಂಗ್ ಸೈನ್ಯ ಯುನ್ನಾನ್ ಪ್ರಾಂತವನ್ನು ಮಂಗೋಲರ ಕೈಯಿಂದ ಗೆದ್ದುಕೊಂಡಾಗ ಆತ ಸೆರೆಸಿಕ್ಕ. ವಯಸ್ಸು ಹತ್ತೋ ಹನ್ನೊಂದೋ. ನಮ್ಮ ಹಳ್ಳಿಗಳಲ್ಲಿ ಹೋರಿಯ ಬೀಜ ಒಡೆದು ಎತ್ತು ಮಾಡುತ್ತಾರಲ್ಲ, ಹಾಗೆ ಅವನನ್ನು ಕತ್ತರಿಸಿ, ಚಕ್ರವರ್ತಿಯ ನಾಲ್ಕನೇ ಮಗ ಝು ದಿಯ ಮನೆಗೆ ಆಳಾಗಿ ಕೊಟ್ಟರು. ಈ ಸಾಲನ್ನು ಬಿಟ್ಟು ಝೆಂಗ್ ಹೆಯ ಕಥೆ ಹೇಳಿದರೆ ಅದು ನಮ್ಮ ಹೆಮ್ಮೆಗೆ ಒದಗುವ ಕಥೆಯಾಗುತ್ತದೆ, ಅವನ ಕಥೆಯಾಗುವುದಿಲ್ಲ.

ಬಿಟ್ಟವರು ನಾವು ಮಾತ್ರ ಅಲ್ಲ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚೀನಾದ ಅರಮನೆಗಳು ಇಂಥವರಿಂದ ನಡೆದವು. ಅವರ ಬಗ್ಗೆ ಬರೆದವರು ಬಹಳ. ಬರೆದವರೆಲ್ಲರ ಕಣ್ಣು ಕತ್ತರಿಸಲ್ಪಟ್ಟವನ ಮೇಲೆ ಇದೆ. ಕತ್ತರಿಸಿದ ಕೈಯ ಮೇಲೆ, ಕತ್ತರಿಸಲು ಹೇಳಿದ ಬಾಯಿಯ ಮೇಲೆ ಅಪರೂಪಕ್ಕೆ ಬೀಳುತ್ತದೆ.

ಈ ವಿಷಯವನ್ನು ಕನ್ನಡದಲ್ಲಿ ಬರೆಯಲು ಕುಳಿತರೆ ಮೊದಲು ಅಡ್ಡ ಬರುವುದು ಪದ. ನಪುಂಸಕ, ಷಂಡ ಎಂಬವು ಬೈಗುಳಗಳಾಗಿವೆ. ಸಂಸ್ಕೃತ ನಾಟಕಗಳ ಕಂಚುಕಿ ಅಂತಃಪುರದ ಮುದಿ ಅಧಿಕಾರಿ, ಅಷ್ಟೆ. ಮಂಗಳಮುಖಿ, ಹಿಜಡಾ ಎಂದರೆ ಪೂರ್ತಿ ತಪ್ಪು. ಅದು ತಮ್ಮನ್ನು ತಾವು ಬೇರೆಯಾಗಿ ಅರಿತುಕೊಂಡವರ ಲೋಕ. ಚೀನಾದ ಈ ಜನ ಗಂಡಸರಾಗಿ ಹುಟ್ಟಿ, ಗಂಡಸರಾಗಿಯೇ ಬೆಳೆಯಬೇಕಾಗಿದ್ದವರು. ಉಳಿಯುವುದು 'ಖೋಜಾ'. ಉರ್ದು ಶಾಲೆಯಲ್ಲಿ ಕಲಿತ ನಮಗೆ ಈ ಪದ ಕೇಳಿದಾಗೆಲ್ಲ ಒಂದು ಕಸಿವಿಸಿ. ಅದರ ಮೂಲ ಫಾರಸಿಯ 'ಖ್ವಾಜಾ', ಅಂದರೆ ಒಡೆಯ. ಅಜ್ಮೀರಿನ ಮುಈನುದ್ದೀನ್ ಚಿಶ್ತಿಯವರೂ ಗುಲ್ಬರ್ಗದ ಬಂದೇ ನವಾಝರೂ ಖ್ವಾಜಾಗಳೇ. ಅದೇ ಗೌರವದ ಪದ ಅಂತಃಪುರ ಕಾಯುವವನಿಗೆ 'ಖ್ವಾಜಾ ಸರಾ' ಎಂದು ಅಂಟಿ, ಸವೆದು ಸವೆದು ಕನ್ನಡದ ಬೀದಿಯಲ್ಲಿ ಹೀಯಾಳಿಕೆಯಾಗಿ ಬಿದ್ದಿದೆ. ಚೀನೀ ಭಾಷೆಯಲ್ಲೂ ಹೀಗೇ ಆಗಿದೆ. 'ತಾಯ್‌ಜಿಯೆನ್' ಎಂಬುದು ಮಿಂಗ್ ಕಾಲದಲ್ಲಿ ಅರಮನೆಯ ದೊಡ್ಡ ಇಲಾಖೆಗಳ ಮುಖ್ಯಸ್ಥರ ಪದವಿ. ಮುಂದೆ ಅದು ಕಸ ಗುಡಿಸುವ ಖೋಜಾನಿಗೂ ಹೆಸರಾಯಿತು. ಬೇರೆ ಪದ ಸಿಗುವವರೆಗೆ ನಾವೂ ಖೋಜಾ ಎಂದೇ ಬರೆಯುತ್ತೇವೆ. ಗುಜರಾತಿನ ಖೋಜಾ ಜಮಾಅತ್‌ಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು.

ಅರಸನಿಗೆ ಖೋಜಾ ಏಕೆ ಬೇಕಿತ್ತು? ಅಂತಃಪುರದಲ್ಲಿ ಹುಟ್ಟುವ ಮಗು ಅರಸನದ್ದೇ ಎಂಬ ಖಾತರಿಗೆ ಎಂಬುದು ಎಲ್ಲರಿಗೂ ಗೊತ್ತಿರುವ ಉತ್ತರ. ಅದಕ್ಕಿಂತ ಆಳದ ಲೆಕ್ಕ ಇನ್ನೊಂದಿತ್ತು. ಮಕ್ಕಳಿಲ್ಲದವನು ಯಾರಿಗಾಗಿ ಗಂಟು ಕಟ್ಟುತ್ತಾನೆ, ಯಾರನ್ನು ಪಟ್ಟಕ್ಕೆ ಕೂರಿಸುತ್ತಾನೆ? ಅವನ ನಿಷ್ಠೆ ಪೂರ್ತಿ ಒಡೆಯನಿಗೇ. ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿತ್ತು, ಚರಿತ್ರೆ ಅದನ್ನು ಸುಳ್ಳು ಮಾಡಿತು. ಕ್ರಿ.ಶ. ಎರಡನೇ ಶತಮಾನದಲ್ಲಿ ಹಾನ್ ವಂಶದ ಅರಸರು ಖೋಜಾಗಳಿಗೆ ದತ್ತು ತೆಗೆದುಕೊಂಡು ಬಿರುದು ಬಾವಲಿ ದಾಟಿಸಲು ಅನುಮತಿ ಕೊಟ್ಟರು. ತ್ಸಾವ್ ತೆಂಗ್ ಎಂಬ ಖೋಜಾ ಒಬ್ಬನನ್ನು ದತ್ತು ತೆಗೆದುಕೊಂಡ. ಆ ದತ್ತುಮಗನ ಮಗನೇ ಪ್ರಸಿದ್ಧ ಸೇನಾನಿ ತ್ಸಾವ್ ತ್ಸಾವ್. ಅವನ ಮಗ 220ರಲ್ಲಿ ಹಾನ್ ವಂಶವನ್ನು ಕೊನೆಗಾಣಿಸಿ ತಾನೇ ಸಿಂಹಾಸನ ಏರಿದ.

ಆಚೆ ಕನ್ಫ್ಯೂಷಿಯಸ್‌ನ ಧರ್ಮವಿತ್ತು. ದೇಹ, ಕೂದಲು, ಚರ್ಮ ತಂದೆತಾಯಿ ಕೊಟ್ಟದ್ದು, ಅದಕ್ಕೆ ಊನ ಮಾಡಿಕೊಳ್ಳದಿರುವುದೇ ಪಿತೃಭಕ್ತಿಯ ಮೊದಲ ಹೆಜ್ಜೆ ಎಂದು ಅದು ಕಲಿಸುತ್ತಿತ್ತು. ಸಂತಾನವಿಲ್ಲದಿರುವುದನ್ನು ಪಿತೃದ್ರೋಹಗಳಲ್ಲಿ ದೊಡ್ಡದೆಂದು ಎಣಿಸುತ್ತಿತ್ತು. ಖೋಜಾ ಎರಡೂ ಲೆಕ್ಕದಲ್ಲಿ ಪಾಪಿ. ಪಿತೃಗಳಿಗೆ ಎಡೆ ಇಡುವ ಮಗನಿಲ್ಲದವನಿಗೆ ಸತ್ತ ಮೇಲೂ ನೆಲೆಯಿಲ್ಲ. ಕತ್ತರಿಸಿದ ಅಂಗವನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟು, ಸತ್ತಾಗ ಜೊತೆಯಲ್ಲಿ ಹೂಳಿಸಿಕೊಳ್ಳುವ ರೂಢಿ ಇದರಿಂದಲೇ ಬಂತು. ಅದಕ್ಕೆ ಅವರು ಇಟ್ಟ ಹೆಸರು 'ಬಾವ್', ಅಂದರೆ ನಿಧಿ. ಒಂದೇ ವ್ಯವಸ್ಥೆಯ ಒಂದು ಕೈ ಹುಡುಗರನ್ನು ಕತ್ತರಿಸಿ ತರಿಸಿಕೊಳ್ಳುತ್ತಿತ್ತು, ಇನ್ನೊಂದು ಕೈ ಹಾಗೆ ಕತ್ತರಿಸಿಕೊಂಡವನು ಮನುಷ್ಯನೇ ಅಲ್ಲ ಎಂದು ಬರೆಯುತ್ತಿತ್ತು.

ಬರೆಯುವ ಕೈ ಯಾರದು ಎಂಬುದು ಇಲ್ಲಿ ಮುಖ್ಯ. ಚೀನಾದಲ್ಲಿ ಪ್ರತಿ ರಾಜವಂಶದ ಅಧಿಕೃತ ಚರಿತ್ರೆಯನ್ನು ಅದರ ನಂತರದ ವಂಶದ ಕಾಲದಲ್ಲಿ ವಿದ್ವಾಂಸ ಅಧಿಕಾರಿಗಳು ಬರೆಯುತ್ತಿದ್ದರು. ಪರೀಕ್ಷೆ ಪಾಸು ಮಾಡಿ ಹುದ್ದೆ ಹಿಡಿದ ಈ ವರ್ಗಕ್ಕೆ ಆಸ್ಥಾನದಲ್ಲಿ ಎದುರಾಳಿಗಳೆಂದರೆ ಖೋಜಾಗಳೇ. ಒಬ್ಬರದು ಹೊರ ಆಸ್ಥಾನ, ಇನ್ನೊಬ್ಬರದು ಒಳ ಆಸ್ಥಾನ. ಅರಸನ ಕಿವಿಗೆ ಒಳಗಿನವರು ಹತ್ತಿರ. ಆದರೆ ಕೊನೆಯ ಮಾತು ಲೇಖನಿ ಹಿಡಿದವನದ್ದು. ಚರಿತ್ರೆಗಳ ತುಂಬ ಖೋಜಾ ಎಂದರೆ ಲೋಭಿ, ಚಾಡಿಕೋರ, ರಾಜ್ಯ ಕೆಡಿಸಿದವನು. ಒಳ್ಳೆಯವನು ಸಿಕ್ಕರೆ ಅಪವಾದವೆಂದು ಗುರುತಿಸುತ್ತಾರೆ. ಕ್ರಿ.ಶ. 105ರಲ್ಲಿ ಕಾಗದ ತಯಾರಿಸುವ ಉತ್ತಮ ವಿಧಾನವನ್ನು ಆಸ್ಥಾನಕ್ಕೆ ಒಪ್ಪಿಸಿದ ತ್ಸಾಯ್ ಲುನ್ ಖೋಜಾ. ಅವನನ್ನು ದೂರಿದ ಚರಿತ್ರೆಗಳನ್ನೆಲ್ಲ ಮುಂದೆ ಬರೆದದ್ದು ಅದೇ ಕಾಗದದ ಮೇಲೆ!

ವಿಚಿತ್ರವೆಂದರೆ ಈ ಚರಿತ್ರೆ ಪರಂಪರೆಯ ಪಿತಾಮಹ ಸ್ವತಃ ಕತ್ತರಿಸಲ್ಪಟ್ಟವನು. ಸಿಮಾ ಚಿಯೆನ್ ಹಾನ್ ಚಕ್ರವರ್ತಿ ವು-ದಿಯ ಆಸ್ಥಾನದಲ್ಲಿದ್ದ. ಶತ್ರುಗಳಿಗೆ ಶರಣಾದ ಲಿ ಲಿಂಗ್ ಎಂಬ ಸೇನಾನಿಯ ಪರವಾಗಿ ಮಾತಾಡಿದ ತಪ್ಪಿಗೆ, ಕ್ರಿ.ಪೂ. 98ರ ಸುಮಾರಿಗೆ ಅವನಿಗೆ ಈ ಶಿಕ್ಷೆಯಾಯಿತು. ಹಣ ಕಟ್ಟಿ ಪಾರಾಗುವ ದಾರಿಯಿತ್ತು, ಅವನಲ್ಲಿ ಅಷ್ಟು ಹಣವಿರಲಿಲ್ಲ. ಕೈಯಾರೆ ಸತ್ತು ಮಾನ ಉಳಿಸಿಕೊಳ್ಳುವ ದಾರಿಯೂ ಇತ್ತು. ತಂದೆ ಆರಂಭಿಸಿದ ಗ್ರಂಥ ಅರ್ಧಕ್ಕೆ ನಿಲ್ಲಬಾರದೆಂದು ಅವನು ಅವಮಾನವನ್ನೇ ಆರಿಸಿಕೊಂಡು ಬದುಕಿದ, 130 ಅಧ್ಯಾಯಗಳ ಮಹಾಚರಿತ್ರೆ ಮುಗಿಸಿದ. ರೆನ್ ಆನ್ ಎಂಬ ಗೆಳೆಯನಿಗೆ ಬರೆದ ಪತ್ರದಲ್ಲಿ ಅವನು ತನ್ನ ನೋವನ್ನೆಲ್ಲ ಹೇಳಿಕೊಂಡಿದ್ದಾನೆ. ಜಗತ್ತಿನ ಶ್ರೇಷ್ಠ ಪತ್ರಗಳಲ್ಲಿ ಅದೊಂದು ಎಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೂ ಅದನ್ನು ಓದುವಾಗ ಒಂದೆಡೆ ತಡೆದು ನಿಲ್ಲಬೇಕಾಗುತ್ತದೆ. ಖೋಜಾನ ಸಹವಾಸ ಸಜ್ಜನರಿಗೆ ಎಂಥ ಅಪಮಾನ ಎಂಬುದಕ್ಕೆ ಅವನು ಹಳೆಯ ನಿದರ್ಶನಗಳನ್ನು ಒಂದಾದ ಮೇಲೊಂದು ಕೊಡುತ್ತಾನೆ. ಅರಸನ ಅನ್ಯಾಯಕ್ಕೆ ಬಲಿಯಾದವನ ಬಾಯಲ್ಲೂ ಬಂದದ್ದು ವಿದ್ವಾಂಸ ವರ್ಗದ ತಿರಸ್ಕಾರದ ಮಾತೇ. ತಾನು ಅವರಲ್ಲಿ ಒಬ್ಬನಾದೆನಲ್ಲ ಎಂಬುದು ಅವನ ಸಂಕಟ. ಅವರೂ ತನ್ನಂಥವರು ಎಂಬ ಕಡೆಗೆ ಅವನ ಮನಸ್ಸು ತಿರುಗಲಿಲ್ಲ.

ಈ ವಿದ್ವಾಂಸರ ವಾದ ನಿಜವಾಗಿದ್ದರೆ, ಖೋಜಾಗಳನ್ನು ತೊಲಗಿಸಿದ ಕೂಡಲೇ ರಾಜ್ಯ ಸುಧಾರಿಸಬೇಕಿತ್ತು. ಚೀನಾ ಆ ಪರೀಕ್ಷೆಯನ್ನು ಎರಡು ಸಲ ಮಾಡಿ ನೋಡಿತು. 189ರಲ್ಲಿ ಹಾನ್ ಅರಮನೆಯ ಖೋಜಾಗಳು ಸೇನಾಪತಿ ಹೆ ಜಿನ್‌ನನ್ನು ಕೊಂದಾಗ, ಯುವಾನ್ ಶಾವ್ ಎಂಬ ಸರದಾರ ಸೈನ್ಯ ಸಮೇತ ಒಳನುಗ್ಗಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕಡಿಸಿದ. ಗಡ್ಡ ಮೀಸೆ ಬೆಳೆಯದ ಕೆಲವು ಗಂಡಸರೂ ಖೋಜಾಗಳೆಂಬ ಗುಮಾನಿಯಲ್ಲಿ ಸತ್ತರು. ಇನ್ನು ಕೆಲವರು ಬಟ್ಟೆ ಬಿಚ್ಚಿ ತೋರಿಸಿ ಜೀವ ಉಳಿಸಿಕೊಂಡರು ಎಂದು ಚರಿತ್ರೆಯೇ ಹೇಳುತ್ತದೆ. (ಬಟ್ಟೆ ಬಿಚ್ಚಿಸಿ ಜೀವ ತೀರ್ಮಾನಿಸುವ ಈ ಕ್ರಮವನ್ನು ನಮ್ಮ ಉಪಖಂಡದ ಓದುಗರಿಗೆ ವಿವರಿಸಬೇಕಾಗಿಲ್ಲ.) ಮುಂದೇನಾಯಿತು? ದೊಂಗ್ ಝುವೊ ಎಂಬ ಕ್ರೂರ ಸೇನಾನಿ ರಾಜಧಾನಿಗೆ ನುಗ್ಗಿ ಅರಸನನ್ನೇ ಬದಲಿಸಿದ. ಹಾನ್ ಸಾಮ್ರಾಜ್ಯ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ತಾಂಗ್ ವಂಶದ ಕೊನೆಗಾಲದಲ್ಲಿ ಖೋಜಾಗಳು ಅರಮನೆಯ ಸೈನ್ಯವನ್ನೇ ಹಿಡಿದಿಟ್ಟುಕೊಂಡು ಅರಸರನ್ನು ಏರಿಸುತ್ತ ಇಳಿಸುತ್ತ ಇದ್ದದ್ದು ನಿಜ. 903ರಲ್ಲಿ ಝು ವೆನ್ ಎಂಬ ದಂಡನಾಯಕ ಅವರನ್ನು ಸಾಮೂಹಿಕವಾಗಿ ಕೊಲ್ಲಿಸಿದ. ಮಾರನೆಯ ವರ್ಷ ಚಕ್ರವರ್ತಿಯನ್ನು ಕೊಲ್ಲಿಸಿದ. 907ರಲ್ಲಿ ತಾಂಗ್ ವಂಶವನ್ನೇ ಮುಗಿಸಿ ತಾನು ಕುಳಿತ. ಖೋಜಾಗಳು ಅರಸೊತ್ತಿಗೆಗೆ ಹತ್ತಿದ ರೋಗವಾಗಿದ್ದರೆ ರೋಗ ಹೋದ ಮೇಲೆ ರೋಗಿ ಎದ್ದು ಕೂರಬೇಕಿತ್ತು. ಎರಡು ಸಲವೂ ರೋಗಿ ಸತ್ತ.

ಮಿಂಗ್ ವಂಶದ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಅದರ ಸ್ಥಾಪಕ ಹೊಂಗ್‌ವು ಬಡ ರೈತನ ಮಗ. ಖೋಜಾಗಳು ರಾಜಕಾರಣಕ್ಕೆ ಕೈ ಹಾಕಿದರೆ ತಲೆದಂಡ ಎಂದು ಕಬ್ಬಿಣದ ಫಲಕ ಬರೆಸಿ ಅರಮನೆಯಲ್ಲಿ ನಿಲ್ಲಿಸಿದ. ಇದನ್ನು ಎಲ್ಲ ಪುಸ್ತಕಗಳೂ ಹೊಗಳಿ ಹೇಳುತ್ತವೆ. ಅದೇ ಅರಸ 1380ರಲ್ಲಿ ಪ್ರಧಾನಮಂತ್ರಿಯ ಹುದ್ದೆಯನ್ನೇ ರದ್ದು ಮಾಡಿದ್ದನ್ನು ಅದರ ಪಕ್ಕದಲ್ಲಿಟ್ಟು ನೋಡುವವರು ಕಡಿಮೆ. ಸಾಮ್ರಾಜ್ಯದ ಪ್ರತಿ ಅರ್ಜಿ, ಪ್ರತಿ ವರದಿ ಚಕ್ರವರ್ತಿಯ ಮೇಜಿಗೇ ಬರಬೇಕು, ಕೆಂಪು ಶಾಯಿಯಲ್ಲಿ ಅವನೇ ಆಜ್ಞೆ ಬರೆಯಬೇಕು. ಹೊಂಗ್‌ವು ರಾಕ್ಷಸನಂತೆ ದುಡಿಯುತ್ತಿದ್ದ, ಬರೆದ. ಮೊಮ್ಮಕ್ಕಳು ಮರಿಮಕ್ಕಳಿಗೆ ಅದು ಸಾಧ್ಯವೆ? 1426ರಲ್ಲಿ ಅರಮನೆಯೊಳಗೆ ಖೋಜಾ ಹುಡುಗರಿಗೆ ಓದು ಬರಹ ಕಲಿಸುವ ಶಾಲೆ ತೆರೆಯಲಾಯಿತು. ಕಲಿಸಿದವರು ಬೇರೆ ಯಾರೂ ಅಲ್ಲ, ವಿದ್ವಾಂಸ ಅಧಿಕಾರಿಗಳೇ. ಮೆಲ್ಲಗೆ ಕೆಂಪು ಶಾಯಿಯ ಕುಂಚ ಖೋಜಾಗಳ ಕೈಗೆ ದಾಟಿತು. ಫಲಕವೂ ಒಂದು ದಿನ ಮಾಯವಾಯಿತು. ಅದನ್ನು ತೆಗೆಸಿದವನು ವಾಂಗ್ ಝೆನ್ ಎಂಬ ಖೋಜಾ ಎನ್ನುತ್ತಾರೆ. 1449ರಲ್ಲಿ ಎಳೆಯ ಚಕ್ರವರ್ತಿಯನ್ನು ಮಂಗೋಲರ ಮೇಲೆ ಯುದ್ಧಕ್ಕೆ ಕರೆದೊಯ್ದು, ಅವನು ಸೆರೆಸಿಕ್ಕುವಂತೆ ಮಾಡಿ, ತಾನೂ ಸತ್ತವನು ಇವನೇ.

ಖೋಜಾಗಳೆಲ್ಲ ಸಾಧುಗಳು ಎಂದು ವಾದಿಸಲು ನಾವು ಹೊರಟಿಲ್ಲ. 1420ರಲ್ಲಿ ಶುರುವಾದ 'ಪೂರ್ವ ಕಚೇರಿ' ಎಂಬ ಗುಪ್ತ ಪೊಲೀಸ್ ಖೋಜಾಗಳ ಕೈಯಲ್ಲಿತ್ತು. ಅದರ ಹೆಸರು ಹೇಳಿದರೆ ಮಂತ್ರಿಗಳೂ ನಡುಗುತ್ತಿದ್ದರು. ವೇಯ್ ಜೊಂಗ್‌ಶಿಯೆನ್ ಎಂಬವನು 1620ರ ದಶಕದಲ್ಲಿ ತನ್ನ ವಿರೋಧಿಗಳನ್ನು ಸೆರೆಮನೆಗೆ ಹಾಕಿಸಿ ಚಿತ್ರಹಿಂಸೆ ಕೊಡಿಸಿ ಕೊಂದ ಬಗೆ ಓದಲು ಕಷ್ಟ. ಆದರೆ ಅವನಿಗೆ ಆ ಅಧಿಕಾರ ಎಲ್ಲಿಂದ ಬಂತು? ಆಗಿನ ಚಕ್ರವರ್ತಿಗೆ ಬಡಗಿ ಕೆಲಸದ ಹುಚ್ಚು. ಅವನು ಗರಗಸ ಉಳಿ ಹಿಡಿದು ಮೈಮರೆತಿರುವಾಗ ವೇಯ್ ಕಾಗದಪತ್ರ ತಂದು ನಿಲ್ಲುತ್ತಿದ್ದ, ನೀನೇ ನೋಡಿಕೋ ಹೋಗು ಎಂಬ ಅಪ್ಪಣೆ ಸಿಗುತ್ತಿತ್ತು. ಇನ್ನೊಂದು ಸಂಗತಿ. ವೇಯ್ ಬದುಕಿರುವಾಗಲೇ ಅವನಿಗೆ ಊರೂರಲ್ಲಿ ಗುಡಿ ಕಟ್ಟಿ ಪೂಜೆ ಶುರುವಾಯಿತು. ಮೊದಲ ಗುಡಿ ಹಾಂಗ್‌ಝೌ ನಗರದ್ದು. ಕಟ್ಟಿಸಿದವನು ಆ ಪ್ರಾಂತದ ರಾಜ್ಯಪಾಲ, ಕನ್ಫ್ಯೂಷಿಯಸ್‌ನನ್ನು ಕಂಠಪಾಠ ಮಾಡಿ ಪರೀಕ್ಷೆ ಗೆದ್ದ ವಿದ್ವಾಂಸ. ಅವನ ಹಾದಿಯಲ್ಲೇ ಉಳಿದ ಅಧಿಕಾರಿಗಳೂ ನಡೆದರು. ವೇಯ್ 1627ರಲ್ಲಿ ಸತ್ತ. 1644ರಲ್ಲಿ ಬೀಜಿಂಗ್ ದಂಗೆಕೋರರ ವಶವಾದಾಗ ಕೊನೆಯ ಮಿಂಗ್ ಚಕ್ರವರ್ತಿ ಮಂತ್ರಿಗಳನ್ನು ಕರೆಯಲು ಗಂಟೆ ಬಾರಿಸಿದ. ಯಾರೂ ಬರಲಿಲ್ಲ. ಅರಮನೆಯ ಹಿಂದಿನ ಗುಡ್ಡಕ್ಕೆ ಹೋಗಿ ಅವನು ನೇಣು ಹಾಕಿಕೊಂಡಾಗ ಜೊತೆಯಲ್ಲಿದ್ದು ತಾನೂ ಸತ್ತವನು ವಾಂಗ್ ಚೆಂಗ್‌ಎನ್. ಅವನೊಬ್ಬ ಖೋಜಾ.

ವಿದ್ವಾಂಸರಲ್ಲಿ ಒಬ್ಬ ಮಾತ್ರ ಮೂಲಕ್ಕೆ ಕೈ ಹಾಕಿದ ಎಂದು ನಮಗೆ ಅನಿಸಿದೆ. ಹುವಾಂಗ್ ಜೊಂಗ್‌ಶಿಯ ತಂದೆ 1626ರಲ್ಲಿ ವೇಯ್‌ನ ಸೆರೆಮನೆಯಲ್ಲಿ ಸತ್ತವರು. ಖೋಜಾಗಳನ್ನು ಅವನು ದ್ವೇಷಿಸಲು ಕಾರಣ ಬೇಕಾದಷ್ಟಿತ್ತು, ದ್ವೇಷಿಸಿದ ಕೂಡ. ಆದರೆ 1663ರಲ್ಲಿ ಬರೆದ ಪುಸ್ತಕದ ಕೊನೆಯಲ್ಲಿ ಅವನು ಅರಸನತ್ತಲೇ ಬೆರಳು ತೋರಿಸಿದ. ಸಾಮ್ರಾಜ್ಯವನ್ನು ತನ್ನ ಖಾಸಗಿ ಆಸ್ತಿ ಎಂದುಕೊಂಡ ಅರಸ ಅಂತಃಪುರ ತುಂಬಿಸುತ್ತಾನೆ, ಅಂತಃಪುರ ತುಂಬಿದಷ್ಟೂ ಖೋಜಾಗಳು ಬೇಕು. ಹೆಂಗಸರ ಸಂಖ್ಯೆ ಇಳಿಸಲಿ, ಖೋಜಾಗಳು ಕೆಲವೇ ಹತ್ತು ಜನ ಸಾಕಾಗುತ್ತಾರೆ ಎಂಬುದು ಅವನ ವಾದ. ಇಷ್ಟು ಸರಳ ಲೆಕ್ಕ ಹೇಳಲು ಎರಡು ಸಾವಿರ ವರ್ಷ ಬೇಕಾಯಿತು.

ಪಾಶ್ಚಾತ್ಯರು ಬಂದ ಮೇಲೆ ಕಥನದ ಬಣ್ಣ ಬದಲಾಯಿತು. ನೈತಿಕ ಕೋಪದ ಜಾಗಕ್ಕೆ ಕುತೂಹಲ ಬಂತು. ಕಾರ್ಟರ್ ಸ್ಟೆಂಟ್ ಎಂಬ ಇಂಗ್ಲಿಷಿನವನು 1877ರಲ್ಲಿ ಪ್ರಕಟಿಸಿದ ಒಂದು ಲೇಖನ ಇಂದಿಗೂ ಎಲ್ಲರ ಆಕರ. ಅರಮನೆಯ ಪಶ್ಚಿಮ ಬಾಗಿಲ ಹೊರಗಿನ ಗುಡಿಸಲು, ವಂಶಪಾರಂಪರ್ಯವಾಗಿ ಆ ಕಸುಬು ಮಾಡುವ 'ಚೂರಿಯವರು', ಪಶ್ಚಾತ್ತಾಪ ಪಡುತ್ತೀಯಾ ಇಲ್ಲವಾ ಎಂದು ಕೊನೆಯಲ್ಲಿ ಕೇಳುವ ಪ್ರಶ್ನೆ, ಮೂರು ದಿನ ನೀರು ಕೊಡದೆ ಮಲಗಿಸುವುದು: ನಾವು ಎಲ್ಲಿ ಈ ವಿವರ ಓದಿದರೂ ಅದರ ಬೇರು ಸ್ಟೆಂಟ್‌ನಲ್ಲಿದೆ. ಚೂರಿಯ ಆಕಾರದವರೆಗೆ ಬರೆದ ಅವನು, ಚೂರಿಯ ಕೆಳಗೆ ಮಲಗಿದ ಹುಡುಗನ ಮನೆಯಲ್ಲಿ ಅನ್ನ ಇತ್ತೇ ಎಂದು ವಿಚಾರಿಸುವುದಕ್ಕೆ ಅಷ್ಟು ಜಾಗ ಕೊಡಲಿಲ್ಲ. 1987ರ 'ದಿ ಲಾಸ್ಟ್ ಎಂಪರರ್' ಚಿತ್ರದಲ್ಲಿ ಬೆರ್ತೊಲುಚ್ಚಿ ಕೂಡ ಖೋಜಾಗಳನ್ನು ದೃಶ್ಯವೈಭವದ ಭಾಗ ಮಾಡಿಬಿಟ್ಟ. ಅರಮನೆಯಿಂದ ಹೊರಹಾಕಲ್ಪಟ್ಟ ನೂರಾರು ಜನ ಪುಟ್ಟ ಡಬ್ಬಿಗಳನ್ನು ಎದೆಗವಚಿಕೊಂಡು ಹೋಗುವ ನೋಟ ಮರೆಯಲಾಗದ್ದು. ಆದರೆ ಡಬ್ಬಿ ನೆನಪಿರುತ್ತದೆ, ಒಂದು ಮುಖವೂ ನೆನಪಿರುವುದಿಲ್ಲ.

ಆ ಚಿತ್ರಕ್ಕಿಂತ ಅದರ ನಾಯಕ ಪು ಯಿಯ ಆತ್ಮಕಥೆ ಹೆಚ್ಚು ಪ್ರಾಮಾಣಿಕ ಎಂದು ನಮ್ಮ ಅಭಿಪ್ರಾಯ. ಕಮ್ಯುನಿಸ್ಟ್ ಸೆರೆಮನೆಯಲ್ಲಿ ತಪ್ಪೊಪ್ಪಿಗೆಯಾಗಿ ಹುಟ್ಟಿದ ಪುಸ್ತಕ ಎಂಬ ಎಚ್ಚರ ಇಟ್ಟುಕೊಂಡೇ ಈ ಮಾತು. ಚಿಕ್ಕಂದಿನಲ್ಲಿ ಖೋಜಾಗಳಿಗೆ ಹೊಡೆಸುವುದೇ ತನಗೆ ಆಟವಾಗಿತ್ತು ಎನ್ನುತ್ತಾನೆ. ಒಮ್ಮೆ ಕಬ್ಬಿಣದ ಪುಡಿ ಬೆರೆಸಿದ ತಿಂಡಿಯನ್ನು ಒಬ್ಬ ಖೋಜಾನಿಗೆ ತಿನ್ನಿಸಿ, ಅವನು ಕಚ್ಚುವಾಗ ಮುಖ ಹೇಗಾಗುತ್ತದೆ ನೋಡಬೇಕು ಎಂದು ಅವನಿಗೆ ಆಸೆಯಾಯಿತು. ಹಾಲೂಡಿಸಿದ ದಾದಿ ತಡೆದಳು, ಹಲ್ಲು ಮುರಿದಾವು ಎಂದಳು. ನೋಡಲೇಬೇಕು ಎಂದು ಹಟ ಹಿಡಿದಾಗ ಕಬ್ಬಿಣದ ಬದಲು ಒಣ ಕಾಳು ಹಾಕಿಸಿದಳು. ಖೋಜಾಗಳೂ ಮನುಷ್ಯರು ಎಂದು ತನಗೆ ಹೇಳಿದವಳು ಆ ಅನಕ್ಷರಸ್ಥ ಹೆಂಗಸೊಬ್ಬಳೇ ಎಂದು ಅವನು ನೆನೆಯುತ್ತಾನೆ. ಆಸ್ಥಾನದ ಗುರುಗಳು ಅವನಿಗೆ ದಯೆ ಧರ್ಮದ ಗ್ರಂಥಗಳನ್ನೆಲ್ಲ ಓದಿಸುತ್ತಿದ್ದ ಕಾಲವದು.

1923ರ ಬೇಸಿಗೆಯಲ್ಲಿ ಅರಮನೆಯ ಒಂದು ಭಾಗಕ್ಕೆ ಬೆಂಕಿ ಬಿತ್ತು. ಕದ್ದ ಮಾಲಿನ ಲೆಕ್ಕ ಸಿಗದಿರಲೆಂದು ಖೋಜಾಗಳೇ ಹಚ್ಚಿದರು ಎಂಬ ಗುಮಾನಿಯ ಮೇಲೆ ಪು ಯಿ ಅವರನ್ನು ಹೆಚ್ಚುಕಡಿಮೆ ಎಲ್ಲರನ್ನೂ ಹೊರಗಟ್ಟಿದ. ಆ ಬೀದಿಪಾಲಾದವರ ಸಾಲಿನ ಕೊನೆಯ ಕೊಂಡಿ ಸುನ್ ಯಾವ್‌ಟಿಂಗ್. 1902ರಲ್ಲಿ ತಿಯೆನ್‌ಜಿನ್ ಬಳಿಯ ಬಡ ಹಳ್ಳಿಯಲ್ಲಿ ಹುಟ್ಟಿದವನು. ಅದೇ ಸೀಮೆಯ ಒಬ್ಬ ಖೋಜಾ ಅರಮನೆಯಲ್ಲಿ ಹಣ ಮಾಡಿದ್ದನ್ನು ಕಂಡು, ತಂದೆಯೇ ಎಂಟು ವರ್ಷದ ಮಗನನ್ನು ಮನೆಯಲ್ಲಿ, ಅರಿವಳಿಕೆಯಿಲ್ಲದೆ, ಕ್ಷೌರದ ಕತ್ತಿಯಿಂದ ಕತ್ತರಿಸಿದ. ಗಾಯ ಮಾಗಿ ಹೆಚ್ಚು ದಿನವಾಗಿರಲಿಲ್ಲ, 1912ರಲ್ಲಿ ಚಕ್ರವರ್ತಿ ಪಟ್ಟ ಬಿಟ್ಟ ಸುದ್ದಿ ಬಂತು. ತಂದೆ ಎದೆ ಬಡಿದುಕೊಂಡ. ಆದರೂ ಸುನ್ ಹೇಗೋ ಹೆಸರಿಗಷ್ಟೇ ಉಳಿದಿದ್ದ ಆ ಆಸ್ಥಾನ ಸೇರಿ, ಪು ಯಿಯ ಪತ್ನಿಯ ಸೇವೆ ಮಾಡಿದ. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಅವನ 'ನಿಧಿ'ಯ ಡಬ್ಬಿಯನ್ನು ಮನೆಯವರು ಭಯದಿಂದ ಎಸೆದುಬಿಟ್ಟರು. 1996ರಲ್ಲಿ ಬೀಜಿಂಗಿನ ಒಂದು ಗುಡಿಯಲ್ಲಿ ಆತ ತೀರಿಕೊಂಡ. ಜಿಯಾ ಯಿಂಗ್‌ಹುವಾ ಅವನ ಮಾತು ಕೇಳಿ ಬರೆದ ಜೀವನಚರಿತ್ರೆಯಲ್ಲಿ ಖೋಜಾ ತಾನೇ ಮಾತಾಡುತ್ತಾನೆ. ವಿದ್ವಾಂಸರ ಚರಿತ್ರೆಗಳಲ್ಲಿ ಇರುವ ಲೋಭ, ಒಳಸಂಚು ಅಲ್ಲೂ ಇವೆ. ಆದರೆ ಅವುಗಳ ಹಿಂದೆ ಹಸಿವು ಕಾಣುತ್ತದೆ, ಜಮೀನುದಾರ ಕಾಣುತ್ತಾನೆ, ಮಗನ ಕಾಲು ಹಿಡಿದ ಅಪ್ಪ ಕಾಣುತ್ತಾನೆ.

ಹಸಿವಿನಿಂದ ಬಂದವರು ಒಂದು ಬಗೆಯಾದರೆ, ಸೋತ ನಾಡುಗಳಿಂದ ಹೊತ್ತು ತಂದವರು ಇನ್ನೊಂದು ಬಗೆ. ಝೆಂಗ್ ಹೆ ಈ ಎರಡನೆಯವರಲ್ಲಿ ಒಬ್ಬ. ಅವನ ಕಾಲದ ಹೆಸರಾಂತ ಖೋಜಾಗಳನ್ನು ನೋಡಿ: ಬೀಜಿಂಗಿನ ಅರಮನೆ ಕಟ್ಟುವುದರಲ್ಲಿ ಮುಂದಿದ್ದ ರುವಾನ್ ಆನ್ ವಿಯೆಟ್ನಾಮಿನವನು. ಈಶಾನ್ಯದ ನದಿಗಳಲ್ಲಿ ಯಾತ್ರೆ ಹೋದ ಇಶಿಹ ಜುರ್ಚೆನ್ ಬುಡಕಟ್ಟಿನವನು. ಕೊರಿಯಾದಿಂದಲೂ ಹುಡುಗರು ಕಪ್ಪವಾಗಿ ಬರುತ್ತಿದ್ದರು. 1460ರಲ್ಲಿ ದಂಗೆಯೆದ್ದ ಮಿಯಾವ್ ಜನಾಂಗದ 1565 ಬಾಲಕರನ್ನು ಕತ್ತರಿಸಲಾಯಿತು, 329 ಮಂದಿ ಸತ್ತರು ಎಂದು ಆಸ್ಥಾನದ ದಾಖಲೆಯಲ್ಲಿದೆ. ಮಾಡಿಸಿದ ಅಧಿಕಾರಿಯೂ ಖೋಜಾನೇ. ಚಕ್ರವರ್ತಿ ಅವನನ್ನು ಗದರಿದ. ಉಳಿದ ಹುಡುಗರನ್ನು ಮನೆಗೆ ಕಳಿಸಲಿಲ್ಲ.

ಮುಸ್ಲಿಮ್ ಓದುಗರು ಇಲ್ಲಿ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಯುದ್ಧಯಾತ್ರೆಯಲ್ಲಿ ಪತ್ನಿಯರಿಂದ ದೂರವಿದ್ದ ಸಹಾಬಿಗಳು ತಮ್ಮನ್ನು ಹೀಗೆ ಮಾಡಿಕೊಳ್ಳಲು ಅನುಮತಿ ಕೇಳಿದಾಗ ಪ್ರವಾದಿ(ಸ) ಅದನ್ನು ನಿಷೇಧಿಸಿದರು ಎಂಬ ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ) ಅವರ ವರದಿ ಬುಖಾರಿಯಲ್ಲಿದೆ. ಫುಕಹಾಗಳ ಮಾತೂ ಸ್ಪಷ್ಟ: ಇದು ಹರಾಮ್. ನಮ್ಮ ಸುಲ್ತಾನರು ಏನು ಮಾಡಿದರು? ಕತ್ತರಿಸುವುದು ತಾನೇ ಹರಾಮ್, ಕತ್ತರಿಸಿದವನನ್ನು ಕೊಳ್ಳುವುದಲ್ಲವಲ್ಲ ಎಂದು ದಾರಿ ಕಂಡುಕೊಂಡರು. ಗಡಿಯಾಚೆ, ಬೇರೆಯವರ ಕೈಯಿಂದ ಆ ಕೆಲಸ ನಡೆಯಿತು. ಬಗ್ದಾದಿನಿಂದ ದೆಹಲಿವರೆಗೆ ಅಂತಃಪುರಗಳು ತುಂಬಿದವು. ಉಸ್ಮಾನೀ ಸಾಮ್ರಾಜ್ಯದಲ್ಲಿ ಹರಮೈನ್‌ನ ವಕ್ಫ್ ಆಸ್ತಿಗಳ ಉಸ್ತುವಾರಿಯೇ ಅಂತಃಪುರದ ಮುಖ್ಯ ಖೋಜಾನ ಕೈಗೆ ಬಂತು. ಕನ್ನಡ ನಾಡು ಕಂಡ ಒಬ್ಬ ಖೋಜಾನೂ ಇದ್ದಾನೆ. 1311ರಲ್ಲಿ ಹೊಯ್ಸಳರ ದ್ವಾರಸಮುದ್ರದ ಮೇಲೆ ಬಂದ ಮಲಿಕ್ ಕಾಫೂರ್. ಗುಜರಾತಿನ ಖಂಬಾಯತ್ ಬಂದರಿನಲ್ಲಿ ಖಿಲ್ಜಿ ಸೈನ್ಯದ ಕೈಗೆ ಸಿಕ್ಕ ಗುಲಾಮ. ಸಾವಿರ ದೀನಾರಿನವನು ಎಂದೇ ಹೆಸರು. ಕೆಲವರಿಗೆ ಅವನು ದೇವಸ್ಥಾನ ದೋಚಿದ ತುರುಕ, ಕೆಲವರಿಗೆ ದಕ್ಷಿಣ ಗೆದ್ದ ವೀರ. ಬೆಲೆಪಟ್ಟಿ ಅಂಟಿಸಿಕೊಂಡ ಒಬ್ಬ ಸೆರೆಯಾಳು, ತನ್ನನ್ನು ಸೆರೆಹಿಡಿದವರ ಪರವಾಗಿಯೇ ದಂಡು ನಡೆಸಿದ ಎಂಬುದು ಇಬ್ಬರ ಕಥೆಯಲ್ಲೂ ಇಲ್ಲ.

ಝೆಂಗ್ ಹೆಯೂ ಮಾಡಿದ್ದು ಅದನ್ನೇ. ಒಡೆಯ ಝು ದಿ ಅಣ್ಣನ ಮಗನಿಂದ ಸಿಂಹಾಸನ ಕಿತ್ತುಕೊಂಡಾಗ ಜೊತೆಗೆ ಹೋರಾಡಿದ. ಆ ಋಣಕ್ಕೆ ಝೆಂಗ್ ಎಂಬ ಮನೆತನದ ಹೆಸರು ಬಹುಮಾನವಾಗಿ ಸಿಕ್ಕಿತು, ಹಡಗುಗಳು ಸಿಕ್ಕಿದವು. ಆತನ ಯಾನಗಳನ್ನು ಬರೀ ಶಾಂತಿಯಾತ್ರೆ ಎನ್ನುವವರಿಗೆ ಶ್ರೀಲಂಕಾದ ನೆನಪಿರಲಿ. ಗಾಲೆಯಲ್ಲಿ ಸಿಕ್ಕ 1409ರ ಶಾಸನದಲ್ಲಿ ಚೀನೀ, ತಮಿಳು, ಫಾರಸಿ ಮೂರು ಭಾಷೆಗಳಲ್ಲಿ ಬುದ್ಧನಿಗೂ ವಿಷ್ಣುವಿಗೂ ಅಲ್ಲಾಹನಿಗೂ ಕಾಣಿಕೆ ಸಲ್ಲಿಸಿದ ಸುಂದರ ಮಾತಿದೆ. ಅದೇ ದ್ವೀಪದ ಆಳುವವನನ್ನು ಸೆರೆಹಿಡಿದು ಚೀನಾಕ್ಕೆ ಒಯ್ದದ್ದೂ ಇದೇ ಕೈ. ಯಾನಗಳು ನಿಂತ ಮೇಲೆ ಅವುಗಳ ದಾಖಲೆ ನಾಶವಾದದ್ದಕ್ಕೆ ಕಾರಣ ಯುದ್ಧ ಇಲಾಖೆಯ ವಿದ್ವಾಂಸ ಅಧಿಕಾರಿಗಳೆಂದು ಪ್ರತೀತಿ. ಖೋಜಾಗಳ ಸಾಧನೆ ಮತ್ತೆ ಮೇಲೇಳುವುದು ಅವರಿಗೆ ಬೇಡವಾಗಿತ್ತು.

ಯುನ್ನಾನಿನ ಕುನ್‌ಯಾಂಗ್‌ನಲ್ಲಿ ಝೆಂಗ್ ಹೆ ತನ್ನ ತಂದೆಯ ನೆನಪಿಗೆ 1405ರಲ್ಲಿ ಬರೆಸಿದ ಕಲ್ಲು ಇದೆ. ಒಕ್ಕಣೆ ಒಬ್ಬ ಮಂತ್ರಿಯದು. ಹಾಜಿ ಮಾ ಎತ್ತರದ ಆಳು, ಧೈರ್ಯವಂತ, ಬಡವರಿಗೆ ಕೊಡುಗೈ ಎಂದು ಅದು ಹೇಳುತ್ತದೆ. ಹೊಂಗ್‌ವು ಆಳ್ವಿಕೆಯ ಹದಿನೈದನೇ ವರ್ಷ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡ ಎನ್ನುತ್ತದೆ. ಯುನ್ನಾನ್ ಸೋತ 1382 ಅದು. ಯುದ್ಧದ ಮಾತಿಲ್ಲ. ಎರಡನೆಯ ಮಗ ಹೆ ಪ್ರತಿಭಾವಂತ, ಚಕ್ರವರ್ತಿಯ ಸೇವೆಯಲ್ಲಿದ್ದಾನೆ, ಝೆಂಗ್ ಎಂಬ ಹೆಸರು ಪಡೆದಿದ್ದಾನೆ, ತಾಯ್‌ಜಿಯೆನ್ ಆಗಿದ್ದಾನೆ ಎಂದಿದೆ. ಹೇಗೆ ಹೋದ ಎಂದು ಕಲ್ಲಿನಲ್ಲೂ ಇಲ್ಲ. ಅದರ ಬೆನ್ನಿಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಬರಹವಿದೆ. 1411ರ ಚಳಿಗಾಲದಲ್ಲಿ ಮಗ ಅಪ್ಪಣೆ ಪಡೆದು ಊರಿಗೆ ಬಂದ, ಹಿರಿಯರ ಗೋರಿಗಳ ಬಳಿ ಕೆಲವು ವಾರ ಇದ್ದ, ಮತ್ತೆ ಹೊರಟುಹೋದ.